ಬಿದ್ದ ಗೋಡೆಯ ವಿಳಾಸ

ನನಗೆ ಸಿಟ್ಟು ಬರುವುದು ಬಹಳ ಸುಲಭ, ಹೋಗುವುದೇ ಕಷ್ಟ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಹೇಗೂ ಇನ್ನೆರಡು ಪುಟದಲ್ಲಿ ನಿಮಗೇ ಗೊತ್ತಾಗುತ್ತದೆ. ಮದ್ದೂರು ತಾಲ್ಲೂಕಿನ ಹೈಸ್ಕೂಲುಗಳಲ್ಲಿ ಮೂವತ್ತು ವರ್ಷ ಪಿ.ಟಿ. ಟೀಚರ್ ಆಗಿದ್ದವಳು ನಾನು. ಸೀಟಿ ಊದಿದರೆ ಇಡೀ ಶಾಲೆ ಸಾಲಾಗಿ ನಿಲ್ಲುತ್ತಿತ್ತು. ನಿವೃತ್ತಿಯಾದ ಮೇಲೆ ಸಾಲಾಗಿ ನಿಲ್ಲಲು ಉಳಿದವರು ನಮ್ಮ ಯಜಮಾನರೊಬ್ಬರೇ. ಒಬ್ಬರೇ ಇದ್ದರೂ ಅವರು ಸಾಲು ತಪ್ಪುತ್ತಾರೆ. ಸೀಟಿ ಮಾತ್ರ ಈಗಲೂ ನನ್ನ ಬ್ಯಾಗಿನಲ್ಲೇ ಇದೆ.

ಈ ಸಲ ಸಿಟ್ಟು ಬಂದದ್ದು ಒಂದೇ ಒಂದು ವಾಕ್ಯದ ಮೇಲೆ. ಮನೆಯ ಇನ್ಶೂರೆನ್ಸ್ ಕಂಪನಿಯವರು ಬರೆದಿದ್ದ ಕಾಗದದ ಕೊನೆಯಲ್ಲಿ ಅದಿತ್ತು: ‘ಪರಿಶೀಲನೆಯ ವೇಳೆ ಯಾವುದೇ ಹಾನಿ ಕಂಡುಬಂದಿರುವುದಿಲ್ಲ, ಪಾಲಿಸಿದಾರರ ಹೇಳಿಕೆ ನಂಬಲರ್ಹವಾಗಿರುವುದಿಲ್ಲ.’ ಬರೀ ಕೊಡುವುದಿಲ್ಲ ಅಂದಿದ್ದರೆ ಎರಡು ದಿನ ಬೈದುಕೊಂಡು ಸುಮ್ಮನಾಗುತ್ತಿದ್ದೆನೇನೋ. ನಂಬಲರ್ಹವಲ್ಲ ಅಂದರೆ ಏನರ್ಥ? ನಾನು ಸುಳ್ಳುಗಾತಿ ಅಂತ ತಾನೇ? ಓಟದ ಪಂದ್ಯದಲ್ಲಿ ಸೀಟಿಗೆ ಮುಂಚೆ ಅರ್ಧ ಹೆಜ್ಜೆ ಇಟ್ಟಳೆಂದು ಹೆಡ್ಮಾಸ್ಟರ ಸ್ವಂತ ಮಗಳನ್ನೇ ಗೆರೆಯಿಂದ ಆಚೆ ನಿಲ್ಲಿಸಿದವಳು ನಾನು. ಆ ಹೆಡ್ಮಾಸ್ಟರು ಒಂದು ವರ್ಷ ನನ್ನ ರಜೆ ಅರ್ಜಿಗೆಲ್ಲ ಕೊಕ್ಕೆ ಹಾಕಿದರು, ಆದರೂ ನನ್ನನ್ನು ಸುಳ್ಳುಗಾತಿ ಅನ್ನಲಿಲ್ಲ. ಈಗ ಈ ಇಳಿವಯಸ್ಸಿನಲ್ಲಿ, ಮುಖವನ್ನೇ ನೋಡದ ಯಾರೋ ಒಬ್ಬರು ನನ್ನನ್ನು ಗೆರೆಯಿಂದ ಆಚೆ ನಿಲ್ಲಿಸಿದ್ದರು. ದುಡ್ಡು ಬರುತ್ತದೋ ಬಿಡುತ್ತದೋ, ಈ ವಾಕ್ಯವನ್ನು ಅವರ ಕೈಯಲ್ಲೇ ಹೊಡೆದುಹಾಕಿಸುತ್ತೇನೆ ಎಂದು ಅವತ್ತೇ ತೀರ್ಮಾನಿಸಿದೆ.

ನಡೆದದ್ದು ಇಷ್ಟು. ನಮ್ಮೂರು ಬೆಸಗರಹಳ್ಳಿಗೆ ಹತ್ತಿರ. ನಮ್ಮ ಮನೆಗೆ ಮುಂದುಗಡೆ ತಾರಸಿ, ಹಿಂದುಗಡೆ ಹೆಂಚು. ತಾರಸಿ ಕಟ್ಟಲು ಸಾಲ ತೆಗೆದಾಗ ಅದರ ಬಾಲಕ್ಕೆ ಇನ್ಶೂರೆನ್ಸೂ ಅಂಟಿಕೊಂಡು ಬಂದಿತ್ತು. ‘ಏನೇ ಆಗಲಿ, ಒಂದು ಫೋನ್ ಮಾಡಿ ಮೇಡಂ ಸಾಕು’ ಎಂದಿದ್ದ ಏಜೆಂಟು. ಬೇಸಿಗೆಯ ಕೊನೆಯ ಒಂದು ಮಧ್ಯಾಹ್ನ ನಾನು ಜಗಲಿಯಲ್ಲಿ ಅವರೆಕಾಳು ಆರಿಸುತ್ತ ಕೂತಿದ್ದೆ. ಗಾಳಿ ಎದ್ದಿತು. ಹಿತ್ತಲಲ್ಲಿ ಬಹಳ ವರ್ಷಗಳಿಂದ ವಾಲಿಕೊಂಡೇ ನಿಂತಿದ್ದ ತೆಂಗಿನಮರ ಆವತ್ತು ಇನ್ನು ಸಾಕು ಎಂದು ಅಡುಗೆಮನೆಯ ಮೇಲೆ ಮಲಗಿಬಿಟ್ಟಿತು. ಹೆಂಚು ಪುಡಿಯಾಯಿತು. ಹಿಂದಿನ ಗೋಡೆ ಕಿಟಕಿ ಸಮೇತ ಕುಸಿಯಿತು. ಒಲೆಕಟ್ಟೆಯ ಕಡಪಾ ಕಲ್ಲು ಎರಡು ಹೋಳಾಯಿತು. ನಾವಿಬ್ಬರೂ ಮುಂದುಗಡೆ ಇದ್ದೆವು, ಬದುಕಿದೆವು.

ಇಲ್ಲಿ ನಮ್ಮ ಬೀದಿಯ ಒಂದು ಪದ್ಧತಿಯನ್ನು ಹೇಳಬೇಕು. ಯಾರ ಮನೆಯ ಗೋಡೆ ಬೀಳಲಿ, ಸೂರು ಹಾರಲಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ಬಿದ್ದದ್ದೆಲ್ಲ ಮನೆಯಿಂದ ಆಚೆ ಹೋಗಿರಬೇಕು. ಹಾಳು ಗುಡ್ಡೆಯನ್ನು ಮನೆಯೊಳಗೆ ಇಟ್ಟುಕೊಂಡು ದೀಪ ಹಚ್ಚುವಂತಿಲ್ಲ. ತೆಗೆಯಲು ಬಂದವರಿಗೆ ಕೂಲಿ ಇಲ್ಲ. ಬಿದ್ದದ್ದರಲ್ಲಿ ಯಾರಿಗೆ ಯಾವುದು ಉಪಯೋಗಕ್ಕೆ ಬರುತ್ತದೋ ಅದನ್ನು ಅವರೇ ಒಯ್ಯುತ್ತಾರೆ, ಮನೆಯವರು ಅದನ್ನು ವಾಪಸ್ಸು ಕೇಳುವುದಿಲ್ಲ. ನಾನು ಹಣೆಗೆ ಕೈ ಹಚ್ಚಿ ಕೂತಿದ್ದಾಗ ಪಕ್ಕದ ಮನೆಯ ಪುಟ್ಟತಾಯಮ್ಮ ಸೆರಗು ಸಿಕ್ಕಿಸಿಕೊಂಡು ಬಂದವಳೇ, “ಎದ್ದೇಳವ್ವ ಮೇಲೆ. ಬಿದ್ದ ಮರ ಮನೇಲಿ ಮಡಿಕಂಡು ದೀಪ ಅಚ್ಚಕ್ಕಾಯ್ತದಾ?” ಎಂದಳು. ಅವಳ ಹಿಂದೆ ಇಡೀ ಬೀದಿ ಮಚ್ಚು, ಮಂಕರಿ, ಗುದ್ದಲಿ ಹಿಡಿದು ನಿಂತಿತ್ತು.

ಅಷ್ಟು ಜನರನ್ನು ಒಟ್ಟಿಗೆ ನೋಡಿದ ಮೇಲೆ ನನ್ನ ಕೈ ಸುಮ್ಮನಿರುತ್ತದೆಯೇ? ಬ್ಯಾಗಿನಿಂದ ಸೀಟಿ ತೆಗೆದೆ. ಹೆಂಚಿಗೊಂದು ತಂಡ, ಮಣ್ಣಿಗೊಂದು ತಂಡ, ಮರಕ್ಕೊಂದು ತಂಡ. ಮೂರು ಗಂಟೆಯೊಳಗೆ ಅಡುಗೆಮನೆ ಆಟದ ಮೈದಾನದ ಹಾಗೆ ಸಪಾಟಾಯಿತು. ಮರದ ಸುಳಿಯೊಳಗಿನ ಬಿಳಿ ತಿರುಳನ್ನು ಕೊಯ್ದು, ಬೆಲ್ಲ ನಂಚಿಕೊಂಡು ಎಲ್ಲರೂ ತಿಂದೆವು. ಪುಟ್ಟತಾಯಮ್ಮ ನೆಲ ಸಾರಿಸಿ ರಂಗೋಲಿ ಎಳೆದಳು. ನಾನು ದೀಪ ಹಚ್ಚಿದೆ. ಮುಂದಿನ ನಾಲ್ಕು ದಿನದಲ್ಲಿ ಅದೇ ಜನ ಗೋಡೆ ಎಬ್ಬಿಸಿ, ಹೆಂಚು ಹೊದಿಸಿ, ಸುಣ್ಣವನ್ನೂ ಬಳಿದರು. ಸಾಕ್ಷಿಯನ್ನು ನಾಶಪಡಿಸುವುದಕ್ಕೆ ಸೀಟಿ ಊದಿದವಳು ನಾನೇ, ಸಾಕ್ಷಿಯಲ್ಲಿ ಸ್ವಲ್ಪ ಭಾಗವನ್ನು ಚಪ್ಪರಿಸಿಕೊಂಡು ತಿಂದವಳೂ ನಾನೇ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಇನ್ಶೂರೆನ್ಸ್ ಇದೆಯೆಂಬುದನ್ನು ಮರುದಿನ ನೆನಪಿಸಿದವರು ನಮ್ಮ ಯಜಮಾನರು. ಏಜೆಂಟು ಹೇಳಿದಂತೆ ಒಂದು ಫೋನ್ ಮಾಡಿದೆ. ಅಲ್ಲ, ಹನ್ನೊಂದು ಮಾಡಿದೆ. ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಒಂದು ಹೆಣ್ಣು ದನಿ ಹೇಳಿ, ಆ ಅಮೂಲ್ಯವಾದದ್ದನ್ನು ಸಂಗೀತದ ಕೈಗೆ ಒಪ್ಪಿಸಿ ಹೋಗುತ್ತಿತ್ತು. ಕನ್ನಡಕ್ಕೆ ಎರಡು ಒತ್ತಿ ಎಂದಿತು. ಒತ್ತಿದರೆ ಹಿಂದಿಯವನೊಬ್ಬ ಬಂದ. ಕಾಯುವ ಹೊತ್ತಿನಲ್ಲಿ ಪಾಲಿಸಿಯನ್ನು ಮೊದಲ ಸಲ ಪೂರ್ತಿ ಓದಿದೆ. ಮನೆಯ ಮೇಲೆ ವಿಮಾನ ಬಿದ್ದರೆ ಪರಿಹಾರ ಉಂಟು. ಕ್ಷಿಪಣಿ ಪರೀಕ್ಷೆಯಿಂದ ಹಾನಿಯಾದರೂ ಉಂಟು. ಮದ್ದೂರು ಕಡೆ ಕ್ಷಿಪಣಿ ಬಿಡುವವರು ಯಾರೋ ಕಾಣೆ, ಇಲ್ಲಿ ಬೀಳುವುದು ತೆಂಗಿನಮರ, ಅದರ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಅದು ಬಿರುಗಾಳಿ ಎಂಬುದರೊಳಗೆ ಬರುತ್ತದಂತೆ. ಸರ್ವೇಯರ್ ಬಂದು ನೋಡುವವರೆಗೆ ಏನನ್ನೂ ಕದಲಿಸಕೂಡದು ಎಂಬ ಷರತ್ತು ಇರುವೆಯಂಥ ಅಕ್ಷರದಲ್ಲಿ ಮೂವತ್ತೊಂದನೇ ಪುಟದಲ್ಲಿತ್ತು. ನಾನು ಆ ಪುಟ ಮುಟ್ಟುವ ಹೊತ್ತಿಗೆ ಹೊಸ ಗೋಡೆಗೆ ಸುಣ್ಣವೂ ಆಗಿತ್ತು.

ಸರ್ವೇಯರ್ ಅಂದರೆ ಹಾನಿಯನ್ನು ಅಳೆಯಲು ಕಂಪನಿ ಕಳಿಸುವ ಮನುಷ್ಯ. ಅವರು ಬಂದದ್ದು ಒಂಬತ್ತನೇ ದಿನ. ಬೆವರೊರೆಸಿಕೊಂಡು, ಹೊಸ ಗೋಡೆಯನ್ನು ಬೆರಳಲ್ಲಿ ತಟ್ಟಿ, “ಗೋಡೆ ಚೆನ್ನಾಗಿದೆಯಲ್ಲ ಮೇಡಂ” ಎಂದರು. ಬಿದ್ದದ್ದನ್ನು ಹೇಳಿದೆ. ಫೋಟೋ ಕೇಳಿದರು. ಇತ್ತು, ಯಾಕಿಲ್ಲ? ಕೆಲಸ ಶುರುವಾಗುವ ಮುಂಚೆ ನಾನೇ ತೆಗೆಸಿದ್ದೆ. ಆದರೆ ಮೂವತ್ತು ವರ್ಷದ ಅಭ್ಯಾಸ ಎಲ್ಲಿಗೆ ಹೋಗುತ್ತದೆ? ಕ್ರೀಡಾಕೂಟದ ತಂಡವನ್ನು ನಿಲ್ಲಿಸುವ ಹಾಗೆ ಕುಳ್ಳಗಿನವರನ್ನು ಮುಂದೆ, ಉದ್ದಗಿನವರನ್ನು ಹಿಂದೆ ನಿಲ್ಲಿಸಿದ್ದೆ. ಎಲ್ಲರೂ ಗುದ್ದಲಿ ಹಿಡಿದು ಎದೆಯುಬ್ಬಿಸಿ ನಿಂತಿದ್ದಾರೆ. ನಡುವೆ ಒಂದಿಷ್ಟೂ ಸಂದಿಲ್ಲ, ಶಿಸ್ತು ಅಂದರೆ ಅದು. ಸರ್ವೇಯರ್ ಫೋಟೋವನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ ನೋಡಿ, “ಇದರಲ್ಲಿ ಜನ ಕಾಣ್ತಾರೆ ಮೇಡಂ, ಬಿದ್ದ ಗೋಡೆ ಕಾಣ್ತಿಲ್ಲ” ಎಂದರು. ಹದಿನೈದು ದಿನದ ಮೇಲೆ ಆ ಕಾಗದ ಬಂತು.

ನಾನು ಮಂಡ್ಯದ ಅವರ ಕಚೇರಿಗೆ ಬಸ್ಸು ಹತ್ತಿದೆ. ಮಂಡ್ಯದಲ್ಲಿ ಯಾವ ಕಚೇರಿಗೆ ಹೋದರೂ ಒಬ್ಬ ಹಳೆಯ ಶಿಷ್ಯ ಎದ್ದು ನಿಂತು ಕುರ್ಚಿ ಕೊಡುತ್ತಾನೆಂಬ ಜಂಬ ನನಗಿತ್ತು. ಅಲ್ಲಿ ಒಬ್ಬನೂ ಏಳಲಿಲ್ಲ. ಗಾಜಿನ ಹಿಂದಿದ್ದ ಅಧಿಕಾರಿ, ಫೈಲು ಮುಚ್ಚಿದೆ ಎಂದರು. ತೆಗೆಯಿರಿ ಎಂದೆ. ಫೋನ್ ನಂಬರಿಗೆ ದೂರು ಕೊಡಿ ಎಂದರು. ಕೊಟ್ಟೇ ಬಂದಿದ್ದೇನೆ ಎಂದೆ. ಏನಾದರೂ ಪುರಾವೆ ಇದೆಯೇ ಎಂದರು. ಇಡೀ ಬೀದಿ ಕಣ್ಣಾರೆ ನೋಡಿದೆ ಎಂದೆ. ಅವರು ನಕ್ಕರು. ಅಕ್ಕಪಕ್ಕದವರ ಮಾತು ಪುರಾವೆಯಾಗುವುದಿಲ್ಲವಂತೆ. ನಮ್ಮ ಕಡೆಯ ಹಳೆಯ ಕಲ್ಲುಶಾಸನಗಳನ್ನು ನೋಡಿ. ದಾನ ಕೊಟ್ಟವನು ಯಾರು, ಪಡೆದವನು ಯಾರು ಎಂದು ಬರೆದ ಮೇಲೆ ಸಾಕ್ಷಿಗೆ ಊರಿನವರ ಹೆಸರನ್ನೇ ಕೆತ್ತಿದ್ದಾರೆ. ಅದು ಸಾಲದು ಅನ್ನಿಸಿದರೆ ಸೂರ್ಯಚಂದ್ರರನ್ನು ಕೊರೆದಿದ್ದಾರೆ. ರಾಜರಿಗೆ ಸಾಕಾಗಿದ್ದ ಸಾಕ್ಷಿ ಈ ಗಾಜಿನ ಹಿಂದಿನವರಿಗೆ ಸಾಲದೆ ಹೋಯಿತು.

ಬ್ಯಾಗಿನಿಂದ ಸೀಟಿ ತೆಗೆದು ಅವರ ಮೇಜಿನ ಮೇಲಿಟ್ಟೆ. ಊದಲಿಲ್ಲ, ಬರೀ ಇಟ್ಟೆ. “ನನಗೆ ಕೊಡದಿದ್ದರೆ ಬಿಡಿ. ನಾನು ಸುಳ್ಳು ಹೇಳಿದೆ ಅಂತ ಬರೆದಿದ್ದೀರಲ್ಲ, ಅದನ್ನು ಬರೆದವರು ನಮ್ಮ ಬೀದಿಗೆ ಬಂದು ಎಲ್ಲರೆದುರು ಓದಲಿ. ಓದಿ ವಾಪಸ್ಸು ಬರುವುದು ಅವರ ಜವಾಬ್ದಾರಿ” ಎಂದೆ. ಆಮೇಲೆ ಬೆಂಚಿನ ಮೇಲೆ ಕೂತು ಬುತ್ತಿ ಬಿಚ್ಚಿದೆ. ಮರುದಿನವೂ ಹೋದೆ, ಅದರ ಮರುದಿನವೂ ಹೋದೆ. ಮೂರನೆಯ ದಿನ, ಇಂಥ ಕಂಪನಿಗಳ ಮೇಲಿನ ದೂರು ವಿಚಾರಿಸುವ ವಿಮಾ ಲೋಕಪಾಲರಿಗೆ ಬರೆದ ದೂರಿನ ಪ್ರತಿಯನ್ನು ಜೊತೆಗೊಯ್ದಿದ್ದೆ. ಅದನ್ನು ನೋಡಿದ ಮೇಲೆ ಮರುಪರಿಶೀಲನೆಗೆ ಒಪ್ಪಿದರು. ‘ಆದರೆ ತೋರಿಸುವುದೇನನ್ನು ಮೇಡಂ?’ ಎಂದು ಅಧಿಕಾರಿ ಕೇಳಿದರು. ಬಸ್ಸಿನಲ್ಲಿ ಕೂತಾಗ ನಿಜಕ್ಕೂ ಕಣ್ಣು ತುಂಬಿತು, ಹೇಳಿಕೊಳ್ಳುವುದಕ್ಕೆ ನಾಚಿಕೆಯೇನಿಲ್ಲ.

ಉತ್ತರ ಇದ್ದದ್ದು ಯಜಮಾನರ ಹತ್ತಿರ. ಅವರು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಕೆಲಸ ಮಾಡಿದವರು. ಜೀವಮಾನವೆಲ್ಲ ಭತ್ತದ ತಾಕು ತಾಕಿಗೂ ಚೀಟಿ ಕಟ್ಟಿ, ಯಾವ ತಳಿ ಎಲ್ಲಿದೆ ಎಂದು ಬರೆದಿಟ್ಟವರು. ನಮ್ಮ ಮನೆಯ ಉಪ್ಪಿನ ಡಬ್ಬಿಗೂ ಚೀಟಿ ಇದೆ. ಈ ಚಟಕ್ಕೆ ನಾನು ಆಡಿಕೊಳ್ಳದ ದಿನವಿಲ್ಲ. ಅವತ್ತು ನಾನು ಮೂಗೊರೆಸಿಕೊಳ್ಳುತ್ತಿದ್ದರೆ ಅವರು ಮೆಲ್ಲಗೆ, “ಗೋಡೆ ಎಲ್ಲೋಗದೆ? ಊರೊಳಗೇ ಅದೆಯಲ್ಲ” ಎಂದರು. ಹೇಳಿ, ರಟ್ಟು, ದಾರ, ಪೆನ್ನು ಹಿಡಿದು ಬೀದಿಗೆ ಹೊರಟರು. ಸಂಜೆಯೊಳಗೆ ನಮ್ಮ ಅಡುಗೆಮನೆಯಿಂದ ಹೋದ ಪ್ರತಿಯೊಂದು ತುಂಡಿಗೂ ಚೀಟಿ ಕಟ್ಟಿ ಬಂದರು: ಯಾವ ಭಾಗ, ಎಲ್ಲಿತ್ತು, ಈಗ ಯಾರ ಮನೆಯಲ್ಲಿದೆ.

ಮರುಪರಿಶೀಲನೆಗೆ ಬಂದವರು ಅದೇ ಸರ್ವೇಯರ್. ನಮ್ಮ ಮನೆಯೊಳಗೆ ಕಾಲಿಡಲು ನಾನು ಬಿಡಲಿಲ್ಲ. “ಗೋಡೆ ಇಲ್ಲಿಲ್ಲ, ಬನ್ನಿ” ಎಂದು ಬೀದಿಗೆ ಕರೆದೊಯ್ದೆ. ನಮ್ಮ ಕಿಟಕಿ ಮೂಲೆಮನೆಯ ಕರಿಯಪ್ಪನ ಕುರಿದೊಡ್ಡಿಗೆ ಬಾಗಿಲಾಗಿತ್ತು. ಬಂಡೂರಿನಿಂದ ತಂದ ಎರಡು ಕುರಿ ಸೊಟ್ಟಗಾದ ಸರಳುಗಳ ನಡುವಿನಿಂದ ಅವರನ್ನೇ ನೋಡುತ್ತಿದ್ದವು. ಒಲೆಕಟ್ಟೆಯ ಕಡಪಾ ಕಲ್ಲಿನ ಒಂದು ಹೋಳು ಬಟ್ಟೆ ಒಗೆಯುವ ಕಲ್ಲಾಗಿತ್ತು. ಇನ್ನೊಂದು ಹೋಳು ಎದುರುಮನೆಯ ಮೆಟ್ಟಿಲಾಗಿತ್ತು. ಎರಡನ್ನೂ ಅಳೆದು, ಮುರಿದ ಅಂಚುಗಳ ಚಿತ್ರ ಪಕ್ಕಪಕ್ಕ ಇಟ್ಟು ನೋಡಿದಾಗ ಸರ್ವೇಯರ್ ಮುಖ ಸ್ವಲ್ಪ ಬದಲಾಯಿತು. ಮರದ ಬೊಡ್ಡೆ ನಾಲೆಯ ಕವಲಿನ ಮೇಲೆ ಕಾಲುಸೇತುವೆಯಾಗಿತ್ತು. ಅದರ ಮೈಮೇಲೆ ನಮ್ಮ ಹೆಂಚಿನ ಕೆಂಪು ಇನ್ನೂ ಹತ್ತಿಕೊಂಡಿತ್ತು. ಬೂಟು ಕೈಯಲ್ಲಿ ಹಿಡಿದು ಅದನ್ನು ದಾಟುವಾಗ ಅವರು ನನ್ನ ಭುಜವನ್ನೇ ಹಿಡಿದುಕೊಂಡರು.

ಕೊನೆಗೆ ಪುಟ್ಟತಾಯಮ್ಮನ ಕೋಳಿಗೂಡು. ಒಡೆದ ಹೆಂಚೆಲ್ಲ ಅಲ್ಲಿತ್ತು. ಸರ್ವೇಯರ್ ಬಗ್ಗಿ ಒಂದನ್ನು ಎತ್ತಲು ಹೋದರು. ಅವಳು ಅಡ್ಡ ನಿಂತಳು. “ಮುಟ್ಬ್ಯಾಡಿ ಸಾ. ಕೋಳಿ ಕಾವಿಗೆ ಕುಂತದೆ, ಎಂಚು ಕದಲಿಸುದ್ರೆ ಎದ್ದೋಯ್ತದೆ. ಮರಿ ಮಾಡ್ಲಿ, ಆಮ್ಯಾಕ್ ಬಂದು ಎಷ್ಟೊತ್ತಾದ್ರೂ ನೋಡ್ಕಳಿ.” ಕಂಪನಿಯ ಕೆಲಸ ಎಂದರು ಅವರು. “ನಿಮ್ ಕಂಪ್ನಿ ಬಂದು ಕಾವು ಕೊಟ್ಟದಾ?” ಎಂದಳು ಅವಳು. ಅವರು ಹಿಂದೆ ಸರಿದು, ದೂರದಿಂದಲೇ ಕೋಳಿ ಸಮೇತ ಫೋಟೋ ತೆಗೆದುಕೊಂಡರು. ಅವಳ ಮನೆಯಲ್ಲೇ ಮುದ್ದೆ, ಉಪ್ಪೆಸರು ಉಂಡರು. ಕೈ ತೊಳೆಯುವಾಗ, “ಮೇಡಂ, ಆವತ್ತು ನಾನು ಕಣ್ಣಿಗೆ ಕಂಡದ್ದನ್ನೇ ಬರೆದೆ” ಎಂದರು ಮೆಲ್ಲಗೆ. “ಇವತ್ತೂ ಅಷ್ಟೇ ಬರೆಯಿರಿ” ಎಂದೆ.

ತಿಂಗಳ ಮೇಲೆ ಹೊಸ ಕಾಗದ ಬಂತು. ಹಳೆಯ ವಾಕ್ಯವನ್ನು ಹಿಂದಕ್ಕೆ ಪಡೆದಿದ್ದರು. ಹಾನಿ ಹಲವು ಸ್ಥಳಗಳಲ್ಲಿ ಕಂಡುಬಂದಿರುತ್ತದೆ ಎಂದಿತ್ತು. ಅದನ್ನು ಪುಟ್ಟತಾಯಮ್ಮನಿಗೆ ಎರಡು ಸಲ ಓದಿ ಹೇಳಿದೆ, ಅವಳು ಕೇಳಿದ್ದು ಒಂದೇ ಸಲ. ಇನ್ನೇನು ನಿಟ್ಟುಸಿರು ಬಿಡಬೇಕು, ಅಷ್ಟರಲ್ಲಿ ಕೆಳಗೊಂದು ಬಾಲ ಕಂಡಿತು. ಬಿದ್ದ ಸಾಮಾನಿನ ಬೆಲೆಯನ್ನು ಪರಿಹಾರದಲ್ಲಿ ಮುರಿದುಕೊಳ್ಳುತ್ತಾರಂತೆ, ಅದು ನನಗೇ ಉಳಿದಿದೆ ಎಂಬ ಲೆಕ್ಕದಲ್ಲಿ. ಜೊತೆಗಿದ್ದ ರಸೀದಿಯಲ್ಲಿ ‘ಪೂರ್ಣ ತೃಪ್ತಿಯಿಂದ’ ಎಂದು ಒಪ್ಪಿ ಸಹಿ ಹಾಕಬೇಕಂತೆ. ತೃಪ್ತಿಯಿಂದ ಎಂಬುದನ್ನು ಸ್ಕೇಲಿಟ್ಟು ನೇರವಾಗಿ ಹೊಡೆದುಹಾಕಿ ಸಹಿ ಮಾಡಿದೆ. ‘ಸಾಮಾನು ನನ್ನ ಹತ್ತಿರ ಇಲ್ಲ, ಊರ ಹತ್ತಿರ ಇದೆ. ಬೆಲೆ ಬೇಕಿದ್ದರೆ ಬಂದು ಅವರನ್ನೇ ಕೇಳಿ, ಮೊದಲು ಕೋಳಿಯನ್ನು ಕೇಳಿ’ ಎಂದು ಕೆಳಗೆ ಬರೆದೆ. ಅದಕ್ಕೆ ಇನ್ನೂ ಉತ್ತರವಿಲ್ಲ. ಬರುವವರೆಗೆ ವಾರಕ್ಕೊಂದು ಕಾಗದ ನಾನು ಹಾಕುತ್ತಲೇ ಇದ್ದೇನೆ.

ಮೊನ್ನೆ ಏಜೆಂಟು ಬಂದಿದ್ದ, ಪಾಲಿಸಿ ಮುಂದುವರಿಸುತ್ತೀರಾ ಎಂದು ಹೊಸ್ತಿಲ ಆಚೆಯಿಂದಲೇ ಕೇಳಿದ. ಬಿಟ್ಟುಬಿಡುತ್ತೇನೆಂದು ಯಜಮಾನರು ತಿಳಿದಿದ್ದರು. ನಾನು ಯಾಕೆ ಬಿಡಲಿ? ಜಗಳವನ್ನು ಅರ್ಧಕ್ಕೆ ಬಿಟ್ಟು ಅಭ್ಯಾಸವಿಲ್ಲ, ಮೇಲಾಗಿ ಹಿತ್ತಲಲ್ಲಿ ಇನ್ನೊಂದು ಮರ ವಾಲಿಕೊಂಡಿದೆ. ಈ ಸಲ ಫಾರಮ್ಮನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದೆ. ಹಾನಿಯಾದಲ್ಲಿ ಸರ್ವೇಯರ್ ಬರುವವರೆಗೆ ಯಾವುದನ್ನೂ ಕದಲಿಸುವುದಿಲ್ಲ ಎಂಬ ಷರತ್ತು ಅಲ್ಲೇ ಇತ್ತು, ಅದರ ಮುಂದೆ ಸಹಿಗೆ ಒಂದು ಚೌಕ. ಏಜೆಂಟು ಬೆರಳಿಟ್ಟು ತೋರಿಸಿದ. ಪುಟ್ಟತಾಯಮ್ಮ ಗೋಡೆಯಾಚೆ ಹೊಸ ಕೋಳಿಮರಿಗಳನ್ನು ಕರೆದು ನುಚ್ಚು ಹಾಕುತ್ತಿದ್ದಳು. ನಾನು ಸಹಿ ಮಾಡಿ, ಪಕ್ಕದಲ್ಲಿ ದಪ್ಪಕ್ಷರದಲ್ಲಿ ಬರೆದೆ: ‘ದೀಪ ಹಚ್ಚುವ ಹೊತ್ತಿನವರೆಗೆ ಮಾತ್ರ.’