ಎತ್ತು ಮೊದಲು ಯಾವ ಕಾಲಿಡುತ್ತದೆ?

ಮೋಟೆಬೆನ್ನೂರಿನ ನಾಗರತ್ನಾಳ ರಂಗೋಲಿಯೆಂದರೆ ಇಡೀ ಓಣಿ ನಿಂತು ನೋಡಬೇಕು. ಎಡಗಡೆ ಒಂದು ನವಿಲು ಬಂದರೆ ಬಲಗಡೆ ಅದರದೇ ಜೋಡಿ; ಒಂದು ಎಳೆ ಆಚೀಚೆ ಆಗುವಂತಿಲ್ಲ. ಹದಿನೈದು ವರ್ಷ ಪಳಗಿದ ಆ ಕೈಯೇ 2006ರಲ್ಲಿ ಆಕೆಗೆ ಮುಳುವಾಯಿತು ಅಂದರೆ ನಂಬುತ್ತೀರಾ?

ಆ ವರ್ಷ ಬ್ಯಾಡಗಿಯಲ್ಲಿ ಶಂಭುಲಿಂಗ ಎಂಬವರು ಕಾರ್ಟೂನ್ ಚಿತ್ರಕ್ಕೆ ಬೇಕಾದ ಡ್ರಾಯಿಂಗ್ ಕಲಿಸುವ ಕ್ಲಾಸು ತೆರೆದರು. ಟೀವಿಯಲ್ಲಿ ಬರೆದ ಗೊಂಬೆ ಓಡುತ್ತದಲ್ಲ, ಅದನ್ನು ಹೇಗೆ ಓಡಿಸುತ್ತಾರೆ ಎಂಬ ಹುಳ ನಾಗರತ್ನಾಳ ತಲೆಗೆ ಎಂದೋ ಹೊಕ್ಕಿತ್ತು. ಗಂಡ, ಮಾವ ಇಬ್ಬರೂ ಮೂರು ತಿಂಗಳ ಮಟ್ಟಿಗೆ ಹೂಂ ಅಂದರು. ಕೊನೆಗೊಂದು ಪರೀಕ್ಷೆ, ಗೆದ್ದ ಮೂವರಿಗೆ ಅಲ್ಲಿಯೇ ಚಿತ್ರ ಬರೆಯುವ ಕೆಲಸ, ಉಳಿದವರು ಮನೆಗೆ. ಆ ಕೆಲಸ ಆಕೆಗೆ ಬೇಕೇ ಬೇಕಾಗಿತ್ತು. ತಪ್ಪಿದರೆ ಈ ವಿದ್ಯೆಯ ಹತ್ತಿರ ಮತ್ತೆ ಸುಳಿಯಲು ದಾರಿಯಿರಲಿಲ್ಲ.

ಗೆರೆ, ದುಂಡು, ಪುಟಿಯುವ ಚೆಂಡು ಎಲ್ಲ ಸಲೀಸಾಗಿ ಬಂದವು. ಪರೀಕ್ಷೆಗೆ ಕೊಟ್ಟದ್ದು ಎತ್ತು. ಹದಿನಾರು ಹಾಳೆಗಳಲ್ಲಿ ಬರೆದು, ಅಂಚು ಹಿಡಿದು ಸರ್ರನೆ ಬಿಟ್ಟರೆ ಅದು ನಡೆಯಬೇಕು. ನಾಗರತ್ನಾ ಮೊದಲ ಸಲ ಬರೆದು ತಂದಾಗ ಕ್ಲಾಸೆಲ್ಲ ಹೋ ಎಂದು ನಕ್ಕಿತು. ರಂಗೋಲಿಯ ಕೈ ನೋಡಿ! ಮುಂದಿನೆರಡು ಕಾಲು ಜೋಡಿಯಾಗಿ ಎದ್ದವು, ಹಿಂದಿನೆರಡು ಜೋಡಿಯಾಗಿ ಬಿದ್ದವು; ಎತ್ತು ಕಪ್ಪೆಯ ಹಾಗೆ ಕುಪ್ಪಳಿಸಿತು.

“ಇದೇನ್ರಿ ನಾಗರತ್ನಾ, ಎತ್ತೋ ಕಪ್ಪಿಯೋ?” ಎಂದರು ಶಂಭುಲಿಂಗ ಸರ್. “ಶನಿವಾರ ಕಡೀ ದಿನ. ಬರೊಬ್ಬರಿ ನೋಡಿ ಬರಕೊಂಡ್ ಬರ್ರಿ.”

ಮನೆಗೆ ಬಂದವಳೇ ಮಾವ ಮೈಲಾರೆಪ್ಪನನ್ನು ಹಿಡಿದಳು.

“ಮಾವಾರ, ಎತ್ತು ಮೊದ್ಲ ಯಾವ ಕಾಲ್ ಇಡತೈತ್ರಿ?”

“ಇದೂ ಒಂದ್ ಕೇಳೂ ಮಾತೇನವಾ! ನಲವತ್ತ್ ವರ್ಷ ಅದರ ಹಿಂದ ನಡದೇನಿ...” ಎಂದ ಮೈಲಾರೆಪ್ಪ ತಲೆ ಕೆರೆದುಕೊಂಡ. ಹಿಂದೆ ನಡೆದವನಿಗೆ ಬಾಲ ಕಂಡಿತ್ತೇ ಹೊರತು ಮುಂಗಾಲು ಎಲ್ಲಿ ಕಾಣಬೇಕು! ಪಕ್ಕದ ಮನೆಯ ಡಾಕಪ್ಪ ಬಂದು, ಮುಂದಿನ ಎಡದ ಜೊತೆ ಹಿಂದಿನ ಬಲ, ಹೀಗೆ ಅಡ್ಡಡ್ಡ ಕಾಲು ಅಂದ. ಮೈಲಾರೆಪ್ಪ ಒಂದೇ ಮಗ್ಗುಲಿನ ಕಾಲು ಅಂದ. ಇಬ್ಬರು ಹಿರೇಮನುಷ್ಯರೂ ಅಂಗಳದಲ್ಲಿ ಕೈಕಾಲೂರಿ ನಡೆದು ತೋರಿಸಿದರು. ಅತ್ತೆ ಹೊಳಿಯವ್ವ ನಕ್ಕು ನಕ್ಕು ಸುಸ್ತಾದಳು.

ಮರುದಿನ ಬೆಳಿಗ್ಗೆ ನಾಗರತ್ನಾ ರಂಗೋಲಿಯ ಬಣ್ಣ ಕಲಸಿ ಮನೆಯ ಎತ್ತಿನ ನಾಲ್ಕು ಗೊರಸಿಗೂ ಒಂದೊಂದು ಬಣ್ಣ ಬಳಿದಳು. “ಹಬ್ಬ ಇಲ್ಲ, ಹುಣ್ಣಿಮಿ ಇಲ್ಲ, ಎತ್ತಿಗೆ ಬಣ್ಣಾ?” ಎಂದು ಗೊಣಗುತ್ತಲೇ ಮೈಲಾರೆಪ್ಪ ಅದನ್ನು ಸಗಣಿ ಸಾರಿಸಿದ ಅಂಗಳದಲ್ಲಿ ನಡೆಸಿದ. ಅಬ್ಬಾ! ಎಡ ಮುಂಗಾಲಿನ ಹಳದಿ ಹೆಜ್ಜೆಯ ಮೇಲೆಯೇ ಎಡ ಹಿಂಗಾಲಿನ ಕೆಂಪು ಬಂದು ಕೂತಿತ್ತು. ಅಂದರೆ ಹಿಂಗಾಲು ಬರುವಷ್ಟರಲ್ಲಿ ಮುಂಗಾಲು ಜಾಗ ಬಿಟ್ಟುಕೊಡಬೇಕು! ಆಕೆ ಕುಕ್ಕರುಗಾಲಲ್ಲಿ ಕೂತು ಗೇಣು ಹಾಕಿ ಅಳೆದಳು. ಬಲಗಡೆ ಮಾತ್ರ ಹಿಂಗಾಲು ನಾಲ್ಕು ಬೆರಳು ಹಿಂದೆ ಬೀಳುತ್ತಿತ್ತು. ಎತ್ತಿನ ನಡಿಗೆಯೇ ಹೀಗಿರಬೇಕು ಎಂದುಕೊಂಡಳು. ಹನ್ನೊಂದು ಸಲ ನಡೆಸಿದರು. ಎತ್ತಿಗೆ ಬೇಸರ ಬಂತು, ಮಾವನಿಗೆ ಬರಲಿಲ್ಲ.

ಶನಿವಾರ ಮೈಲಾರೆಪ್ಪನೂ ಜೊತೆಗೆ ಹೊರಟ. ಸರ್ ಹಾಳೆ ಬಿಟ್ಟರು. ಎತ್ತು ನಡೆಯಿತು! ಈ ಸಲ ಯಾರೂ ನಗಲಿಲ್ಲ. ಆದರೆ ಸರ್ ಇನ್ನೊಮ್ಮೆ ಬಿಟ್ಟು ಹುಬ್ಬು ಗಂಟಿಕ್ಕಿದರು.

“ನಡಿಗಿ ಬಂದೈತಿ. ಆದ್ರ ಬಲಗಡೆ ಹಿಂಗಾಲ್ ಕುಂಟಾಕತ್ತೈತಿ ನೋಡ್ರಿ. ತಪ್ಪ್ ಅಂದ್ರ ತಪ್ಪಽ. ಸೋಮವಾರ ಹೆಸರ ಓದತೇನಿ, ಭಾಳ ಆಸೆ ಇಟ್ಕೋಬ್ಯಾಡ್ರಿ.”

“ಅಂಗಳದಾಗ ಹಂಗಽ ಇತ್ರಿ ಸರ್” ಎಂದಳು ನಾಗರತ್ನಾ. ಅಳು ಒತ್ತರಿಸಿ ಬಂತು. ಮೈಲಾರೆಪ್ಪ ದಡಕ್ಕನೆ ಎದ್ದು, ಸೊಸೆಯನ್ನೂ ಕಾಯದೆ ಬಸ್ಸು ಹತ್ತಿದ.

ಸೋಮವಾರ ಸರ್ ಪಟ್ಟಿ ಕೈಗೆತ್ತಿಕೊಳ್ಳುವ ಮುಂಚೆಯೇ ಮೈಲಾರೆಪ್ಪ ಬಾಗಿಲಲ್ಲಿದ್ದ. ಕಾಗದದ ಪೊಟ್ಟಣ ಬಿಚ್ಚಿ ಮೇಜಿನ ಮೇಲಿಟ್ಟ. ಒಳಗೆ ಅರ್ಧ ಬೆರಳುದ್ದದ ಜಾಲಿಮುಳ್ಳು.

“ಬಲಗಡೆ ಹಿಂಗಾಲಿನ ಗೊರಸಿನ ಸಂದ್ಯಾಗ ಮುರದು ಕುಂತಿತ್ರಿ. ದಿನಾ ಹಿಂದಽ ನಡೀತಿದ್ದೆ, ನನ್ನ ಕಣ್ಣಿಗೇ ಬೀಳಲಿಲ್ಲ. ನೀವು ಹಾಳಿ ಬಿಟ್ಟಾಗ ಗೊತ್ತಾತು.” ಅವನು ಮುಳ್ಳನ್ನು ಸರ್ ಕಡೆ ಸರಿಸಿದ. “ನೋವು ಎತ್ತಿಂದ್ರಿ ಸರ್. ತಪ್ಪು ಇಕೀದಲ್ಲ.”

ಶಂಭುಲಿಂಗ ಸರ್ ಮುಳ್ಳನ್ನು ನೋಡಿದರು, ಹಾಳೆಗಳನ್ನು ಮತ್ತೆ ಬಿಟ್ಟು ನೋಡಿದರು. ಪಟ್ಟಿಯಲ್ಲಿ ಎರಡೇ ಹೆಸರಿದ್ದವು. ಮೂರನೆಯದನ್ನು ಅಲ್ಲೇ ಬರೆದರು.

ನಾಗರತ್ನಾ ಕಣ್ಣೊರೆಸಿಕೊಂಡು ಮಾವನ ಕಡೆ ತಿರುಗಿದಳು. “ಮುಳ್ಳ ತಗದ ಮ್ಯಾಲ ಈಗ ಹೆಂಗ ನಡೀತೈತ್ರಿ ಮಾವಾರ?”

“ನನ್ನ ಯಾಕ ಕೇಳ್ತೀಯವಾ?” ಎಂದ ಮೈಲಾರೆಪ್ಪ. “ಅದನ್ನ ನೋಡಾಕ ನೀನಽ ಬೇಕು. ಬಾ, ಮನೀಗೆ ಹೋಗೂಣು.”