ಶಾಲೆಯ ಬಾಗಿಲಿನ ಕರಿಕಲ್ಲು

ಸೌದಿ ಅರೇಬಿಯಾದ ಖಮೀಸ್ ಮುಶೈತ್‌ನಲ್ಲಿ ನಾನು ನರ್ಸ್ ಆಗಿದ್ದಾಗ ನಮ್ಮ ಕ್ವಾರ್ಟರ್ಸ್‌ನಲ್ಲಿ ಬೋಸ್ನಿಯಾದ ಇಬ್ಬರು ಹೆಂಗಸರಿದ್ದರು. ಒಬ್ಬಳು ಮುಸ್ಲಿಂ, ಡಯಾಲಿಸಿಸ್ ನರ್ಸ್. ಇನ್ನೊಬ್ಬಳು ಸರ್ಬ್ ಕ್ರೈಸ್ತಳು, ಲ್ಯಾಬಿನಲ್ಲಿದ್ದಳು. ಇಬ್ಬರದೂ ಒಂದೇ ಊರು, ಒಂದೇ ಭಾಷೆ. ಕಮ್ಯುನಿಸ್ಟ್ ಕಾಲದಲ್ಲಿ ಒಂದೇ ಶಾಲೆಯಲ್ಲಿ ಓದಿದವರು. ಆಮೇಲೆ ದೇಶ ಒಡೆದು ಸರ್ಬರಿಗೂ ಮುಸ್ಲಿಮರಿಗೂ ಯುದ್ಧವಾಯಿತು; ಊರು ಸರ್ಬರ ಕೈ ಸೇರಿತು. ಅದು ಮುಗಿದೇ ಇಪ್ಪತ್ತು ವರ್ಷವಾಗಿತ್ತು. ಇಬ್ಬರೂ ಹೊಂದಿಕೊಂಡೇ ಇದ್ದರು. ನನಗೆ ಜ್ವರ ಬಂದಾಗ ಸೂಪ್ ಮಾಡಿ ಕುಡಿಸಿದವಳು ಲ್ಯಾಬಿನವಳೇ.

ಆ ವರ್ಷ ನರ್ಸುಗಳ ದಿನಕ್ಕೆ ಒಂದೊಂದು ದೇಶದವರು ಒಂದೊಂದು ಮೇಜು ಸಿಂಗರಿಸಬೇಕೆಂದಾಯಿತು. ಲ್ಯಾಬಿನವಳು ತಮ್ಮ ಶಾಲೆಯ ಫೋಟೊ ತಂದಿಟ್ಟಳು. ಬಾಗಿಲ ಪಕ್ಕ ಕರಿಕಲ್ಲಿನ ಸ್ಮಾರಕ, ಅದರ ಮೇಲೆ ಯುದ್ಧದಲ್ಲಿ ಸತ್ತ ಸರ್ಬ್ ಸೈನಿಕರ ಹೆಸರುಗಳು.

"ನನ್ನ ಅಣ್ಣನ ಹೆಸರೂ ಇದೆ" ಎಂದಳು. ಕಣ್ಣು ತುಂಬಿತ್ತು. ಆ ದುಃಖ ಸುಳ್ಳಲ್ಲ.

ಡಯಾಲಿಸಿಸ್ ನರ್ಸ್ ರೂಮಿಗೆ ಹೋಗಿ ತನ್ನ ಅಪ್ಪನ ಫೋಟೊ ತಂದು ಪಕ್ಕದಲ್ಲಿಟ್ಟಳು. ಅವರು ಅದೇ ಶಾಲೆಯ ಭೂಗೋಳದ ಮೇಷ್ಟ್ರು.

"ಅಪ್ಪನನ್ನು ನಿಮ್ಮವರು ಕೂಡಿಹಾಕಿ ಕೊಂದದ್ದು ಈ ಶಾಲೆಯಲ್ಲೇ. ಕಲ್ಲಿನ ಮೇಲೆ ಅವರ ಹೆಸರೆಲ್ಲಿ?"

"ಶಾಲೆಯಲ್ಲಿ ಯಾರನ್ನೂ ಕೊಂದಿಲ್ಲ. ಅದು ನಿಮ್ಮವರು ಕಟ್ಟಿದ ಕಥೆ."

"ಹೆಣ ಹೂತ ಗುಂಡಿಯಲ್ಲಿ ಅವರ ಮೂಳೆ ಸಿಕ್ಕಿದ್ದೂ ಕಥೆಯಾ? ನಿನಗೂ ಪಾಠ ಹೇಳಿದವರಲ್ಲವಾ?"

"ಯುದ್ಧದಲ್ಲಿ ಎಲ್ಲ ಕಡೆಯವರೂ ಸತ್ತರು" ಎಂದು ಲ್ಯಾಬಿನವಳು ಮೇಜಿನ ಬಟ್ಟೆಯ ಸುಕ್ಕು ಸರಿಮಾಡತೊಡಗಿದಳು. ಆ ನೀವುವ ಕೈ ನೋಡಿ ನನಗೆ ಹೇಸಿಗೆಯಾಯಿತು.

ಸದ್ದು ಕೇಳಿ ಮೇಟ್ರನ್ ಬಂದರು. ಎರಡೂ ಫೋಟೊ ಎತ್ತಿ ಡ್ರಾಯರಿಗೆ ಹಾಕಿದರು. "ಇಲ್ಲಿ ರಾಜಕೀಯ ಬೇಡ. ಈಗ ಇಬ್ಬರಿಗೂ ಸಮ. ತಿಂಡಿ ಮಾತ್ರ ಇಡಿ."

"ಸತ್ತ ಅಪ್ಪನ ಫೋಟೊ ರಾಜಕೀಯ ಹೇಗಾಗ್ತದೆ ಮೇಡಂ?" ಎಂದು ನಾನು ಕೇಳಿದೆ. ಅವರು ಕೇಳಿಸದವರಂತೆ ಹೊರಟರು.

ಪುತ್ತೂರಿನ ನನ್ನ ಗೆಳತಿ ತೋಳು ಜಗ್ಗಿದಳು. "ಅವರ ಊರಿನ ಗಲಾಟೆ ನಿಂಗೆ ಎಂತಕ್ಕೆ ಮಾರಾಯ್ತಿ? ಬಾ, ನಮ್ಮ ಮೇಜಿಗೆ ಜನ ಇಲ್ಲ."

ಸಂಜೆ ಲ್ಯಾಬಿನವಳು ಮಾಂಸ ತುಂಬಿದ ರೊಟ್ಟಿ ಸುರುಳಿಗಳನ್ನು ನಗುನಗುತ್ತ ಹಂಚಿದಳು. ಮೇಟ್ರನ್ ಬೆರಳು ಚೀಪಿ ಹೊಗಳಿದರು. ನಾನು ಬಾಯಿಯೊಳಗಿನ ತುತ್ತನ್ನು ಕಾಗದದ ಕರವಸ್ತ್ರಕ್ಕೆ ಉಗಿದು ಎದ್ದುಹೋದೆ.

ಡಯಾಲಿಸಿಸ್ ನರ್ಸ್ ರೂಮಿನಲ್ಲಿ ಯೂನಿಫಾರಂ ಇಸ್ತ್ರಿ ಮಾಡುತ್ತಿದ್ದಳು.

"ಅಕ್ಕನ ಮಗಳು ಈಗ ಅದೇ ಶಾಲೆಯಲ್ಲಿ ಓದ್ತಾಳೆ" ಎಂದಳು. "ಪ್ರತಿ ವರ್ಷ ಟೀಚರ್ ಅವಳ ಕೈಗೂ ಹೂ ಕೊಟ್ಟು ಆ ಕಲ್ಲಿನ ಮುಂದೆ ನಿಲ್ಲಿಸ್ತಾರೆ. ಹೂ ಇಡದಿದ್ದರೆ ಉಳಿದ ಮಕ್ಕಳು ಸುಮ್ಮನೆ ಬಿಡುವುದಿಲ್ಲ. ಅಕ್ಕನೇ 'ಇಟ್ಟು ಬಾ' ಅಂತಾಳೆ."

ನಾನು ಇಸ್ತ್ರಿಯಾದ ಬಟ್ಟೆ ಮಡಿಚಲು ಕೂತೆ.

ಕೆಲಸದ ಒಪ್ಪಂದ ಮುಗಿದ ಮೇಲೆ ಅವಳು ಜರ್ಮನಿಗೆ ಹೋದಳು. ಲ್ಯಾಬಿನವಳು ಇನ್ನೂ ಕೆಲವು ವರ್ಷ ನಮ್ಮ ಜೊತೆಗಿದ್ದಳು. ರಕ್ತದ ರಿಪೋರ್ಟ್ ಕೇಳುವುದು ಬಿಟ್ಟರೆ ಅವಳೊಡನೆ ಬೇರೆ ಮಾತಾಡಲು ನನ್ನಿಂದ ಆಗಲೇ ಇಲ್ಲ.