ಈಸಿನ ಮೇಲೆ ಎರಡು ಕಚ್ಚು

ಮೊಮ್ಮಗ ಟ್ರ್ಯಾಕ್ಟರಿನ ಹಿಂದೆ ಕುಂಟೆ ಕಟ್ಟುವುದನ್ನು ನೋಡಿದರೆ ನನಗೆ ನಗು ಬರುತ್ತದೆ. ಆಳ ಸಾಲದಿದ್ದರೆ ಪಿನ್ನು ಕೀಳುತ್ತಾನೆ, ಇನ್ನೊಂದು ತೂತಿಗೆ ಹಾಕುತ್ತಾನೆ, ಮುಗಿಯಿತು. ಯಾರನ್ನೂ ಕೇಳಬೇಕಿಲ್ಲ, ಯಾರ ಮುಖವನ್ನೂ ನೋಡಬೇಕಿಲ್ಲ. ನಮ್ಮ ಕಾಲದಲ್ಲಿ ಅಷ್ಟು ಮಾಡುವುದಕ್ಕೆ ಹೊಲದ ನಡುವೆ ಒಂದು ಮದುವೆಯನ್ನೇ ಮಾಡಬೇಕಾಯಿತು. ಬಾಯಿಗೆ ಬಂದದ್ದು ಹೇಳುತ್ತಿದ್ದಾಳೆ ಮುದುಕಿ ಅನ್ನಬೇಡಿ, ಪೂರ್ತಿ ಕೇಳಿ.

ಆಗಿನ್ನೂ ನಿಜಾಮನ ಆಳ್ವಿಕೆ. ಯಲಬುರ್ಗಾ ಸೀಮೆಯಿಂದ ಕುಷ್ಟಗಿ ಕಡೆಯ ಹಳ್ಳಿಗೆ ನಾನು ಸೊಸೆಯಾಗಿ ಬಂದ ಮೊದಲ ವರ್ಷ. ಹಿಂಗಾರಿ ಜೋಳ ಬಿತ್ತುವ ಹೊತ್ತಿಗೆ ಸರಿಯಾಗಿ ನಮ್ಮ ಮಾವನ ಜೋಡಿಯಲ್ಲಿ ಒಂದು ಎತ್ತು ಕಾಲು ಉಳುಕಿಸಿಕೊಂಡು ಮಲಗಿಬಿಟ್ಟಿತು. ಹೊಲದ ಹಸಿ ದಿನದಿನಕ್ಕೂ ಕೆಳಗಿಳಿಯುತ್ತಿತ್ತು. ಊರಲ್ಲಿ ಎಲ್ಲರ ಎತ್ತೂ ಅವರವರ ಹೊಲದಲ್ಲಿದ್ದವು. ಸುದ್ದಿ ತವರಿಗೆ ಮುಟ್ಟಿತು. ಅಲ್ಲಿ ಬಿತ್ತನೆ ಮುಗಿದಿತ್ತು. ಒಂದೇ ಎತ್ತು ಸಾಕೆಂದರೂ, ಜೋಡಿ ಅಗಲಿಸಬಾರದೆಂದು ಅಪ್ಪ ಎರಡನ್ನೂ ಹೊಡೆದುಕೊಂಡು ಬಂದು ಬಿಟ್ಟು ಹೋದ. ಎಂಥ ಎತ್ತುಗಳವು! ನಮ್ಮ ಗಿಡ್ಡ ಅತ್ತೆ ಅವುಗಳ ಪಕ್ಕ ನಿಂತರೆ ಆಚೆ ಕಡೆಯವರಿಗೆ ಕಾಣುತ್ತಿರಲಿಲ್ಲ. ಓಣಿಯವರೆಲ್ಲ ಬಂದು ಬೆನ್ನು ಚಪ್ಪರಿಸಿ ಹೋದರು. ನಾನಂತೂ ಕೊಡ ಹೊತ್ತು ಹೋಗುವಾಗ ಬೇಕಂತಲೇ ಅವುಗಳ ಪಕ್ಕದಿಂದ ಸುತ್ತಿ ಹೋಗುತ್ತಿದ್ದೆ.

ಬಿತ್ತುವ ಮೊದಲು ಕೂರಿಗೆಗೆ ಪೂಜೆ. ಕಾಳು ಬಿಡುವ ಬಟ್ಟಲಿಗೆ ಅರಿಶಿನ, ನೆಲ ಸೀಳುವ ತಾಳುಗಳಿಗೆ ಕುಂಕುಮ, ಹಸಿರು ಬಳೆ, ಖಣ, ಉಡಿ ತುಂಬುವುದು, ಎಲ್ಲ ಮದುಮಗಳಿಗೆ ಮಾಡಿದಂತೆಯೇ. ಕೂರಿಗೆಯಿಂದ ಮುಂದಕ್ಕೆ ಚಾಚುವ ಉದ್ದ ಮರವೇ ಈಸು. ಅದಕ್ಕೆ ನೊಗವನ್ನು ಬಿಗಿದ ಗಂಟಿಗೂ ಪೂಜೆ. ಪೂಜೆಯಾದ ಮೇಲೆ ಬಿತ್ತನೆ ಮುಗಿಯುವ ತನಕ ಆ ಗಂಟು ಬಿಚ್ಚಬಾರದು ಎಂಬುದು ಆ ಮನೆಯ ಪದ್ಧತಿ. ಮಾವ ಎಂದಿನಂತೆ, ತಮ್ಮ ತಂದೆ ಈಸಿನ ಮೇಲೆ ಕೊರೆದಿಟ್ಟ ಕಚ್ಚಿನಲ್ಲೇ ಕಟ್ಟಿದರು. ಅದು ತಮ್ಮ ಮನೆಯ ಗಿಡ್ಡ ಎತ್ತುಗಳ ಅಳತೆಯ ಕಚ್ಚು ಎಂಬುದು ಆ ಸಂಭ್ರಮದಲ್ಲಿ ಯಾರ ತಲೆಗೂ ಹೊಳೆಯಲಿಲ್ಲ.

ಹೊಲದಲ್ಲಿ ಗೊತ್ತಾಯಿತು. ಎತ್ತರದ ಹೆಗಲ ಮೇಲೆ ನೊಗ ಏರಿತು, ನೊಗದ ಜೊತೆ ಈಸಿನ ಮೂತಿಯೂ ಏರಿತು, ತಾಳುಗಳು ನೆಲವನ್ನು ಬರೀ ಗೀರಿಕೊಂಡು ಹೋದವು. ಅತ್ತೆ ಬಟ್ಟಲಿಗೆ ಬಿಟ್ಟ ಕಾಳು ಒಣ ಮಣ್ಣಿನ ಮೇಲೆ ಬಿದ್ದು ಹೊಳೆಯುತ್ತಿತ್ತು. ಗೊರವಂಕಗಳು ಊಟಕ್ಕೆ ಕರೆಸಿಕೊಂಡವರಂತೆ ನಮ್ಮ ಹಿಂದೆಯೇ ಬರುತ್ತಿದ್ದವು. ಮಾವ ಕೂರಿಗೆಯನ್ನು ಒತ್ತಿ ಹಿಡಿದರು, ಆಗಲಿಲ್ಲ. ಕಲ್ಲು ಹೇರಿದರು, ಉರುಳಿತು. ಕೊನೆಗೆ ಅತ್ತೆಯನ್ನೇ ಮೇಲೆ ಕೂಡಿಸಿದರು. ಎತ್ತು ಕಾಲು ಕಿತ್ತಿಟ್ಟದ್ದೇ ತಡ, ಆಕೆ ಮಗುಚಿ ಸಾಲಿನಲ್ಲಿ ಬಿದ್ದಳು. ಬಿದ್ದಲ್ಲಿಂದಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಮಾವ ನಗಲಿಲ್ಲ.

"ಈ ಎತ್ತು ನಮಗ ಒಗ್ಗೂದಿಲ್ಲ. ಸಂಜೀಕ ಹೊಡಕೊಂಡು ಹೋಗಿ ಬೀಗರಿಗೆ ಬಿಟ್ಟು ಬರ್ತೀನಿ," ಎಂದರು.

ನನ್ನ ನಗು ಎಲ್ಲಿ ಹೋಯಿತೋ. ಊರೂರು ದಾಟಿಸಿ ಮೆರೆಸಿಕೊಂಡು ತಂದ ಎತ್ತುಗಳು ಕೆಲಸಕ್ಕೆ ಬಾರದವೆಂದು ತಿರುಗಿ ಬಂದರೆ ಅಪ್ಪ ತಲೆ ಎತ್ತಿ ತಿರುಗುವುದು ಹೇಗೆ? ಇಲ್ಲಿ ನಾನು ಆ ಮಾತು ಕೇಳಿಕೊಂಡು ಬಾಳುವುದು ಹೇಗೆ? ಸಂಕಟಕ್ಕಿಂತ ಸಿಟ್ಟೇ ಹೆಚ್ಚು ಬಂತು. ಎತ್ತಿನದೇನು ತಪ್ಪು? ಆದರೆ ಹೊಸ ಸೊಸೆ ಮಾವನ ಜೊತೆ ಮಾತಾಡುವ ಹಾಗಿರಲಿಲ್ಲ. ಹಾಗಾಗಿ ಮಾವನಿಗೆ ಕೇಳಿಸುವಷ್ಟು ಗಟ್ಟಿಯಾಗಿ ಅತ್ತೆಗೆ ಹೇಳಿದೆ:

"ಅತ್ತೀ, ನಮ್ಮಪ್ಪ ನೊಗ ಒಂದು ಗೇಣು ಮುಂದ ಕಟ್ತಾನ್ರಿ. ಈಸು ಉದ್ದ ಸಿಕ್ರ ಅದರ ಏರು ಕಮ್ಮಿ ಆಗಿ ತಾಳು ಕೆಳಗ ಇಳೀತಾವು."

ಅದು ತಮಗೆ ಇವಳು ಹುಟ್ಟುವ ಮೊದಲೇ ಗೊತ್ತೆಂದು ಮಾವ ಎತ್ತಿನ ಕಡೆ ನೋಡುತ್ತ ಹೇಳಿದರು. ಗೊತ್ತಿದ್ದು ಏನು ಮಾಡುವುದು, ಗಂಟಿಗೆ ಪೂಜೆಯಾಗಿಬಿಟ್ಟಿತ್ತು. ಮೂವರೂ ಆ ಗಂಟನ್ನೇ ನೋಡುತ್ತ ನಿಂತೆವು.

ಅತ್ತೆ ಸೀರೆಯ ಮಣ್ಣು ಕೊಡವಿಕೊಂಡು ನನ್ನ ಹೆಗಲ ಮೇಲೆ ಕೈ ಇಟ್ಟಳು. "ಕೂರಿಗಿಗೆ ಮದುಮಗಳಂತ ಉಡಿ ತುಂಬೀವಿಲ್ರಿ? ಈ ಮದುಮಗಳು ತನ್ನ ಊರ ಬಿಟ್ಟು ನಮ್ಮನಿಗೆ ಬಂದಾಳ. ಆ ಮದುಮಗಳು ಒಂದು ಗೇಣು ಸರಿದ್ರ ಏನಾಗ್ತೈತಿ? ಇನ್ನೊಮ್ಮಿ ಉಡಿ ತುಂಬಿದ್ರಾತು."

ಮಾವ ಕಂಡೂ ಕಾಣದವರಂತೆ ಮುಖ ತಿರುಗಿಸಿ ನಿಂತರು. ಅತ್ತೆ ನನಗೆ ಕಣ್ಣು ಹೊಡೆದಳು. ಅರಿಶಿನದ ನೀರು ಕುಡಿದು ಗಂಟು ಕಲ್ಲಾಗಿತ್ತು, ಹಲ್ಲು ಹಚ್ಚಿ ಬಿಚ್ಚಿದೆ. ಒಂದು ಗೇಣು ಮುಂದೆ ಅಪ್ಪ ಕಟ್ಟುವ ಹಾಗೆ ಬಿಗಿದೆ. ಅತ್ತೆ ತನ್ನ ಕೈಯ ಹಸಿರು ಬಳೆ ತೆಗೆದು ಕೂರಿಗೆಗೆ ಏರಿಸಿ, ಬೀಜದ ಜೋಳದಲ್ಲೇ ಮತ್ತೆ ಉಡಿ ತುಂಬಿದಳು. ಮಾವ ಎತ್ತು ಹೊಡೆದರು. ತಾಳುಗಳು ಒಳಗಿಳಿದವು, ಕಪ್ಪು ಹಸಿಮಣ್ಣು ಮೇಲೆದ್ದಿತು. ನಾನು ಸಾಲಿಗೆ ಕೈ ಹಾಕಿ ನೋಡಿದೆ, ತಣ್ಣಗಿತ್ತು. ಕುಣಿಯಬೇಕೆನಿಸಿತು. ಸೊಸೆಯಾದವಳು ಕುಣಿಯುವಂತಿರಲಿಲ್ಲವಾಗಿ ಗೊರವಂಕಗಳನ್ನು ಓಡಿಸುವ ನೆಪದಲ್ಲಿ ಹೊಲದ ತುಂಬ ಓಡಾಡಿದೆ.

ಜೋಳ ಸಾಲು ಸಾಲಾಗಿ ಎದ್ದ ಮೇಲೆ ಅಪ್ಪ ಎತ್ತು ಕರೆದೊಯ್ಯಲು ಬಂದ. ಮಾವ ಈಸನ್ನು ಅಂಗಳಕ್ಕೆ ತಂದು ತೋರಿಸಿದರು. ಹಳೆಯ ಕಚ್ಚಿನ ಮುಂದೆ, ನಾನು ಗಂಟು ಹಾಕಿದ ಜಾಗದಲ್ಲಿ, ಉಳಿಯಿಂದ ಕೊರೆದ ಹೊಸ ಕಚ್ಚು. ಅಪ್ಪ ಅದರ ಮೇಲೆ ಹೆಬ್ಬೆರಳು ಆಡಿಸಿ, ಬರುವ ವರ್ಷವೂ ಎತ್ತು ತರುತ್ತೇನೆ ಎಂದ.

ಹೇಳಿದಂತೆ ತಂದ. ಕೂರಿಗೆ ಪೂಜೆಯ ದಿನ ನಾನು ಒಲೆಯ ಮುಂದಿದ್ದೆ. ಅಂದಿನವರೆಗೆ ನನ್ನ ಜೊತೆ ನೇರವಾಗಿ ಒಂದು ಮಾತೂ ಆಡದಿದ್ದ ಮಾವ ಅಡಿಗೆಮನೆಯ ಬಾಗಿಲಿಗೆ ಬಂದು ಹಗ್ಗವನ್ನು ನನ್ನ ಕಡೆ ಚಾಚಿದರು.

"ಬಾರವ್ವ, ನಿನ್ನ ಗಂಟು ನೀನ ಕಟ್ಟು. ಆಮ್ಯಾಲ ಪೂಜಿ ಮಾಡ್ತೀನಿ."